ಮಳೆಗಾಲದಲ್ಲಿ ಗುಂಪಾಗಿ ಸ್ಥಳದಲ್ಲೇ ಚಿತ್ರ ಬರೆಯುವುದು: ನಿಲ್ಲಿಸಬೇಕೆ, ನಡೆಸಬೇಕೆ?

ಪ್ರಶ್ನೆ – ಮುಲುಂಡಿನ ಹವ್ಯಾಸಿ

ಮಾನ್ಯರೆ,

ಮುಲುಂಡ್, ಠಾಣೆ ಮತ್ತು ಡೊಂಬಿವಲಿಯ ನಾವು ಹನ್ನೊಂದು ಮಂದಿ ಕನ್ನಡಿಗರು ಕಳೆದ ನವೆಂಬರಿನಿಂದ ತಿಂಗಳಿಗೆ ಎರಡು ಭಾನುವಾರ ಮುಂಬಯಿಯ ಯಾವುದಾದರೊಂದು ಕಡೆ ಸೇರಿ, ಎದುರಿಗೆ ಕಂಡದ್ದನ್ನು ಅಲ್ಲಿಯೇ ಕುಳಿತು ಚಿತ್ರಿಸುತ್ತ ಬಂದಿದ್ದೇವೆ. ಕಲಾಶಾಲೆಯಲ್ಲಿ ಕಲಿತವರು ನಮ್ಮಲ್ಲಿ ಒಬ್ಬರೇ. ಉಳಿದವರಲ್ಲಿ ಬ್ಯಾಂಕಿನವರಿದ್ದಾರೆ, ಹೋಟೆಲು ನಡೆಸುವವರಿದ್ದಾರೆ, ಇಬ್ಬರು ನಿವೃತ್ತ ಶಿಕ್ಷಕಿಯರಿದ್ದಾರೆ, ಹತ್ತನೆಯ ತರಗತಿಯ ಒಬ್ಬ ಹುಡುಗಿಯೂ ಇದ್ದಾಳೆ. ತೈಲವರ್ಣ ಬಳಸುವ ಒಬ್ಬರನ್ನು ಬಿಟ್ಟರೆ ಎಲ್ಲರೂ ಜಲವರ್ಣದವರು.

ಮೇ ತಿಂಗಳ ಕೊನೆಯವರೆಗೆ ನಮಗೆ ಬಿಸಿಲೊಂದೇ ತೊಂದರೆಯಾಗಿತ್ತು. ಜೂನ್ ಮೂರನೆಯ ಭಾನುವಾರ ವಾಲ್ಕೇಶ್ವರದ ಬಾಣಗಂಗೆಗೆ ಹೋದಾಗ ಎಲ್ಲವೂ ಕೆಟ್ಟಿತು. ಬೆಳಿಗ್ಗೆ ಏಳೂವರೆಗೆ ಮೋಡ ಮುಸುಕಿತ್ತು, ಹನಿಯಿರಲಿಲ್ಲ. ಕೊಳದ ಮೆಟ್ಟಿಲುಗಳ ಮೇಲೆ ಸಾಲಾಗಿ ಕುಳಿತು ಆಕಾಶದ ಮೊದಲ ವಾಶ್ (ನೀರು ಬೆರೆಸಿದ ತೆಳು ಬಣ್ಣದ ಲೇಪ) ಹಾಕಿ ಮುಗಿಸುವ ಹೊತ್ತಿಗೆ ಮಳೆ ಒಮ್ಮೆಲೇ ಸುರಿಯಿತು. ಕೊಡೆ ಬಿಚ್ಚಬೇಕೆ, ಕಾಗದ ಮುಚ್ಚಬೇಕೆ, ಬಣ್ಣದ ಡಬ್ಬಿ ಎತ್ತಬೇಕೆ ಎಂದು ಯೋಚಿಸುವಷ್ಟರಲ್ಲಿ ಹನ್ನೊಂದು ಚಿತ್ರಗಳಲ್ಲಿ ಒಂಬತ್ತು ಹಾಳಾದವು. ಒಬ್ಬರ ಕಾಗದದ ಬ್ಲಾಕ್ ಅಂಚಿನಿಂದ ನೀರು ಕುಡಿದು ಉಬ್ಬಿಕೊಂಡಿತು. ಅದರ ಬೆಲೆಯನ್ನು ಅವರು ಇಂದಿಗೂ ಮರೆತಿಲ್ಲ. ಮರಳುವಾಗ ಕುರ್ಲಾದ ಬಳಿ ಹಳಿಯ ಮೇಲೆ ನೀರು ನಿಂತು ಲೋಕಲ್ ಒಂದೂವರೆ ಗಂಟೆ ಕದಲಲಿಲ್ಲ. ನಿವೃತ್ತ ಶಿಕ್ಷಕಿಯರಲ್ಲಿ ಒಬ್ಬರು ವಾರವಿಡೀ ಕೆಮ್ಮಿದರು. ಅವರ ಮಗ ನನಗೆ ಫೋನ್ ಮಾಡಿ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಈಗ ಗುಂಪಿನಲ್ಲಿ ಎರಡು ಪಕ್ಷಗಳಾಗಿವೆ. ಗಣೇಶ ಚೌತಿ ಕಳೆಯುವವರೆಗೆ ಹೊರಗೆ ಹೋಗುವುದು ಬೇಡ, ಯಾರದಾದರೂ ಮನೆಯಲ್ಲಿ ಕುಳಿತು ಫೋಟೊ ನೋಡಿ ಬರೆಯೋಣ ಎನ್ನುವುದು ಒಂದು ಪಕ್ಷ. ಬೇಸಿಗೆಯಲ್ಲಿ ಧೂಳು ಹೊದ್ದು ಮಲಗಿರುವ ಈ ಊರು ಬಣ್ಣ ತಾಳುವುದೇ ಮಳೆಗಾಲದಲ್ಲಿ, ಆಗಲೇ ಬಾಗಿಲು ಹಾಕಿಕೊಂಡು ಕುಳಿತರೆ ಸ್ಥಳದಲ್ಲೇ ಬರೆಯುತ್ತೇವೆಂದು ಹೊರಟದ್ದಾದರೂ ಏಕೆ ಎನ್ನುವುದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದವನು. ಆದರೆ ಹನ್ನೊಂದು ಜನರ ಹೊಣೆ ಹೊತ್ತವನೂ ನಾನೇ.

ಮಳೆಯಲ್ಲಿ ಗುಂಪನ್ನು ಕರೆದೊಯ್ದು ರೂಢಿಯಿರುವವರು ದಯವಿಟ್ಟು ತಿಳಿಸಿ. ಎಷ್ಟು ಹೊತ್ತಾದರೂ ಆರದ ವಾಶ್‌ಗೆ ಏನು ಮಾಡುತ್ತೀರಿ? ಕಾಗದವನ್ನು ಲೋಕಲ್‌ನ ನೂಕುನುಗ್ಗಲಿನಲ್ಲಿ ನೆನೆಯದಂತೆ ಹೇಗೆ ಒಯ್ಯುತ್ತೀರಿ? ಈ ಭಾನುವಾರ ಬೇಡ ಎಂದು ತೀರ್ಮಾನಿಸುವವರು ಯಾರು, ಯಾವ ಹೊತ್ತಿಗೆ?

ಉತ್ತರ 1 – ಮಾಟುಂಗಾದವರು

ಬಾಣಗಂಗೆಯಲ್ಲಿ ನೀವು ಬೇಸಿಗೆಯ ಕ್ರಮದಲ್ಲೇ ಜಾಗ ಆರಿಸಿದ್ದೀರಿ: ಮೊದಲು ದೃಶ್ಯ, ಆಮೇಲೆ ಕೂರುವ ಎಡೆ. ಜೂನ್ ಎರಡನೆಯ ವಾರದಲ್ಲಿ ಮುಂಗಾರು ಮುಂಬಯಿಗೆ ಬಂದಿತೆಂದರೆ ಈ ಕ್ರಮವನ್ನು ತಿರುವಿಹಾಕಬೇಕು. ಮೊದಲು ಸೂರು ಹುಡುಕಿ. ಆ ಸೂರಿನ ಕೆಳಗೆ ನಿಂತು ಏನು ಕಾಣುತ್ತದೆಯೋ ಅದೇ ಅಂದಿನ ವಿಷಯ. ಜುಲೈ ಒಂದೇ ತಿಂಗಳಲ್ಲಿ 800 ಮಿ.ಮೀ. ಮೀರಿ ಮಳೆ ಸುರಿಯುವ ಊರಿನಲ್ಲಿ ಕೊಡೆಯನ್ನು ನಂಬಿ ಹನ್ನೊಂದು ಜನರನ್ನು ಬಯಲಿನಲ್ಲಿ ಕೂರಿಸುವುದು ಸಾಧ್ಯವಿಲ್ಲ. ಕೊಡೆ ಒಬ್ಬನಿಗೆ ಒದಗೀತು, ಗುಂಪಿಗೆ ಒದಗದು.

ಸೂರಿಗೆ ಮುಂಬಯಿಯಲ್ಲಿ ಬರವಿಲ್ಲ. ಕೋಟೆ ಪ್ರದೇಶವನ್ನು ಕಟ್ಟಿದವರು ಮಳೆಯನ್ನು ಚೆನ್ನಾಗಿ ಅರಿತವರೇ ಆಗಿದ್ದರು. ಹಾರ್ನಿಮನ್ ಸರ್ಕಲ್ ಸುತ್ತಲಿನ ಕಟ್ಟಡಗಳ ಕೆಳಗೆ ಕಮಾನುಗಳ ಪಡಸಾಲೆ ಇದೆ. ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತರೆ ನಡುವಿನ ಉದ್ಯಾನದ ಮರಗಳು, ಅವುಗಳಾಚೆ 1833ರಲ್ಲಿ ಪೂರ್ಣಗೊಂಡ ಟೌನ್ ಹಾಲಿನ ಬಿಳಿಯ ಕಂಬಗಳು ಮತ್ತು ಅಗಲವಾದ ಮೆಟ್ಟಿಲುಗಳು ಕಾಣುತ್ತವೆ. ದಾದಾಭಾಯಿ ನವರೋಜಿ ರಸ್ತೆಯ ಉದ್ದಕ್ಕೂ ಇಂಥದೇ ಪಡಸಾಲೆಗಳಿವೆ. ವಾರದ ದಿನಗಳಲ್ಲಿ ಅಲ್ಲಿ ಕಾಲಿಡಲು ಎಡೆಯಿಲ್ಲ, ಭಾನುವಾರ ಬೆಳಿಗ್ಗೆ ಅರ್ಧದಷ್ಟು ಖಾಲಿಯಿರುತ್ತದೆ. ನಮ್ಮ ಮಾಟುಂಗಾದಲ್ಲಿ ಮೇಲ್ಸೇತುವೆಯ ಅಡಿಯಲ್ಲೇ ಒಂದು ಉದ್ಯಾನವಿದೆ. ಸೇತುವೆಯೇ ಮಾಡಾದ್ದರಿಂದ ಎಷ್ಟು ಮಳೆ ಬಂದರೂ ಕಾಗದ ನೆನೆಯುವುದಿಲ್ಲ. ಎರಡೂ ಬದಿಯ ರಸ್ತೆಯಲ್ಲಿ ಕೊಡೆ ಹಿಡಿದು ಹೋಗುವವರನ್ನು ಎಷ್ಟು ಬೇಕಾದರೂ ಬರೆಯಬಹುದು. ಆದರೆ ಅಲ್ಲಿಂದ ಅನತಿ ದೂರದ ಕಿಂಗ್ಸ್ ಸರ್ಕಲ್ ಬಳಿಯ ರಸ್ತೆ ನೀರು ನಿಲ್ಲುವುದಕ್ಕೆ ಹೆಸರುವಾಸಿ ಎಂಬುದನ್ನು ಮರೆಯಬೇಡಿ. ಒಂದು ಇಡೀ ದಿನ ಸಿಗುವುದಾದರೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಗೆ ಹೋಗಿ. ಬಸಾಲ್ಟ್ ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳಿವೆ. ಮಳೆಗಾಲದಲ್ಲಿ ಬಂಡೆಯ ಮೇಲಿನಿಂದ ನೀರು ಪರದೆಯಂತೆ ಇಳಿಯುವುದನ್ನು ಗುಹೆಯ ಜಗಲಿಯೊಳಗೆ ಕುಳಿತು ನೋಡುತ್ತ ಬರೆಯಬಹುದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ನಿಲ್ಲಿಸಬೇಕೆಂದರೆ ಅನುಮತಿ ಬೇಕಾಗುವುದರಿಂದ, ಈಸಲ್ ಬಿಟ್ಟು ತೊಡೆಯ ಮೇಲೆ ಹಲಗೆ ಇಟ್ಟುಕೊಳ್ಳಿ.

ಆರದ ವಾಶ್‌ನ ವಿಷಯಕ್ಕೆ ಬರುತ್ತೇನೆ. ಏಪ್ರಿಲಿನಲ್ಲಿ ಐದು ನಿಮಿಷಕ್ಕೆ ಆರುವ ವಾಶ್ ನನ್ನ ಕೈಯಲ್ಲಿ ಜುಲೈಯಲ್ಲಿ ಇಪ್ಪತ್ತೈದು ನಿಮಿಷ ಹಸಿಯಾಗಿಯೇ ಉಳಿದದ್ದುಂಟು. ಗಾಳಿಯೇ ನೀರು ಕುಡಿದು ತುಂಬಿರುವಾಗ ಕಾಗದದ ನೀರು ಹೋಗುವುದೆಲ್ಲಿಗೆ? ಆ ಇಪ್ಪತ್ತೈದು ನಿಮಿಷ ಕಾಯಲಾರದೆ ಅರೆ ಆರಿದ ಬಣ್ಣದ ಮೇಲೆ ತೆಳುವಾದ ಬಣ್ಣ ಇಟ್ಟರೆ, ಹೊಸ ನೀರು ಹಳೆಯ ಬಣ್ಣದ ಕಣಗಳನ್ನು ಅಂಚಿಗೆ ದೂಡಿ ಹೂಕೋಸಿನಂಥ ಕಲೆ ಮೂಡಿಸುತ್ತದೆ. ಬಾಣಗಂಗೆಯಲ್ಲಿ ಮಳೆಹನಿ ಮಾಡಿದ್ದನ್ನೇ ನಮ್ಮ ಬ್ರಶ್ಶೂ ಮಾಡುತ್ತದೆ ಎಂದಾಯಿತು. ಆದ್ದರಿಂದ ಮಳೆಗಾಲದಲ್ಲಿ ಪ್ರತಿ ಮುಂದಿನ ಬಣ್ಣವೂ ಹಿಂದಿನದಕ್ಕಿಂತ ಗಟ್ಟಿಯಾಗಿರಬೇಕು: ಮೊದಲನೆಯದು ತಿಳಿ ಚಹಾದಂತಿದ್ದರೆ ಎರಡನೆಯದು ಹಾಲಿನಂತೆ, ಮೂರನೆಯದು ಮೊಸರಿನಂತೆ. ಹಸಿಯ ಮೇಲೆ ಗಟ್ಟಿ ಬಣ್ಣ ಇಟ್ಟಾಗ ಅಂಚು ಮೆತ್ತಗೆ ಹರಡಿ ನಿಲ್ಲುತ್ತದೆ. ದೂರದ ಕಟ್ಟಡ, ಮೋಡ, ಮರ ಇವೆಲ್ಲ ಮಳೆಯಲ್ಲಿ ಹಾಗೆಯೇ ಕಾಣುತ್ತವಲ್ಲವೆ? ಬೇಸಿಗೆಯಲ್ಲಿ ಸಾಹಸಪಟ್ಟು ತರಬೇಕಾದ ಮೆದುತನವನ್ನು ಜುಲೈಯ ಗಾಳಿ ಪುಕ್ಕಟೆಯಾಗಿ ಕೊಡುತ್ತದೆ.

ಮಳೆಯನ್ನು ಗೆರೆಗಳಾಗಿ ಎಳೆಯಬೇಡಿ ಎಂದು ಹೊಸಬರಿಗೆ ಹೇಳಿ. ಪಹಾಡಿ ಕಿರುಚಿತ್ರಗಳಲ್ಲಿ ಬಿಳಿಯ ಗೆರೆಗಳ ಮಳೆ ಇದೆ, ಜಪಾನಿನ ಹಿರೋಶಿಗೆಯ ಮರದಚ್ಚಿನ ಚಿತ್ರಗಳಲ್ಲಿ ಕಪ್ಪು ಗೆರೆಗಳ ಮಳೆ ಇದೆ. ಅವು ಆಯಾ ಪರಂಪರೆಯ ಒಪ್ಪಂದಗಳು. ಕಣ್ಣಿಗೆ ಕಾಣುವ ಮಳೆ ದೂರದ ವಸ್ತುಗಳ ಕಪ್ಪನ್ನು ಕದಿಯುತ್ತದೆ, ಅಷ್ಟೆ. ಸೋನೆಮಳೆಯಲ್ಲಿ ನಾಲ್ಕು ಕಟ್ಟಡಗಳ ಸಾಲು ಕಂಡರೆ ಜಡಿಮಳೆಯಲ್ಲಿ ಎರಡೇ ಕಾಣುತ್ತವೆ, ಬಿರುಮಳೆಯಲ್ಲಿ ಎದುರಿನ ಬಸ್ ಸ್ಟಾಪ್ ಒಂದೇ ಉಳಿಯುತ್ತದೆ. ಯಾವ ಮಳೆ ಎಂಬುದನ್ನು ಎಷ್ಟು ಸಾಲು ಉಳಿದಿದೆ ಎಂಬುದರಿಂದಲೇ ಹೇಳಬೇಕು. ಇನ್ನೊಂದು ಮಾತು: ಒದ್ದೆ ರಸ್ತೆಯ ಪ್ರತಿಬಿಂಬ ನೋಡುವವರ ಕಡೆಗೆ ನೆಟ್ಟಗೆ ಇಳಿಯುತ್ತದೆ, ನೆರಳಿನಂತೆ ಓರೆಯಾಗುವುದಿಲ್ಲ. ಹತ್ತರಲ್ಲಿ ಎಂಟು ಜನ ಇದನ್ನು ತಪ್ಪು ಮಾಡುತ್ತಾರೆ. ನಾನೂ ಬಹಳ ಕಾಲ ಮಾಡಿದೆ.

ತೀರ್ಮಾನವನ್ನು ಒಬ್ಬರೇ ಮಾಡಬೇಕು, ಬೆಳಿಗ್ಗೆ ಆರಕ್ಕೆ ಮಾಡಬೇಕು, ಅದರ ಮೇಲೆ ಚರ್ಚೆ ಇರಕೂಡದು. ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆ ಇದ್ದರೆ ನಾವು ಹೋಗುತ್ತೇವೆ, ಕಿತ್ತಳೆ ಅಥವಾ ಕೆಂಪು ಇದ್ದರೆ ಹೋಗುವುದಿಲ್ಲ. ಸಮುದ್ರದ ಭರತ ನಾಲ್ಕೂವರೆ ಮೀಟರ್ ಮೀರುವ ದಿನ ಜೋರು ಮಳೆಯೂ ಕೂಡಿದರೆ ತಗ್ಗು ಪ್ರದೇಶಗಳ ನೀರು ಹರಿದುಹೋಗುವುದಿಲ್ಲ, ಆದ್ದರಿಂದ ಭರತದ ವೇಳಾಪಟ್ಟಿಯನ್ನೂ ನೋಡುತ್ತೇವೆ. ಭಾನುವಾರದ ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ರೈಲು ನಿಲ್ಲಿಸುವುದು) ಯಾವ ಮಾರ್ಗದಲ್ಲಿದೆ ಎಂದು ಶನಿವಾರವೇ ತಿಳಿದುಕೊಳ್ಳಿ. ಇಲ್ಲವಾದರೆ ಮಳೆಗಿಂತ ಮೊದಲು ರೈಲ್ವೆಯೇ ನಿಮ್ಮ ಗುಂಪನ್ನು ಚದುರಿಸುತ್ತದೆ.

ಉತ್ತರ 2 – ಪುಣೆಯ ನಿವೃತ್ತ ಚಿತ್ರಕಲಾ ಶಿಕ್ಷಕ

ಮಾಟುಂಗಾದವರು ಜಾಗದ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ಪುಣೆಯಲ್ಲಿ ಮಳೆ ಮುಂಬಯಿಯ ಮೂರನೆಯ ಒಂದು ಪಾಲಿನಷ್ಟೇ ಆದ್ದರಿಂದ ನಾವು ಅಷ್ಟೊಂದು ಹೆದರುವುದಿಲ್ಲ. ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರದಲ್ಲಿ, ರಾಷ್ಟ್ರಕೂಟರ ಕಾಲದ ಆ ಬಂಡೆಗುಡಿಯ ಕಂಬಗಳ ನಡುವೆ ಕುಳಿತು ಎದುರಿನ ದುಂಡು ನಂದಿಮಂಟಪವನ್ನು ಎಷ್ಟೋ ಆಷಾಢಗಳಲ್ಲಿ ಬರೆದಿದ್ದೇವೆ. ನಾವು ಹೋಗದ ಜಾಗವೆಂದರೆ ಮುಠಾ ನದಿಯ ಪಾತ್ರದ ರಸ್ತೆ. ಮಳೆ ನಿಂತು ಹೊಳವಾಗಿದ್ದರೂ ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಭಿಡೆ ಸೇತುವೆ ಮುಳುಗುತ್ತದೆ, ದಂಡೆಯ ರಸ್ತೆಗೂ ನೀರು ಬರುತ್ತದೆ.

ನನಗೆ ಹೇಳಬೇಕಾದದ್ದು ಸಾಮಗ್ರಿಯ ಕುರಿತು, ಏಕೆಂದರೆ ಮಳೆಗಾಲದಲ್ಲಿ ಹಾಳಾಗುವ ಚಿತ್ರಗಳಲ್ಲಿ ಬಹುಪಾಲು ಮನೆಯಲ್ಲೇ, ಬೀರುವಿನೊಳಗೇ ಹಾಳಾಗಿರುತ್ತವೆ. ಜಲವರ್ಣದ ಕಾಗದಕ್ಕೆ ಕಾರ್ಖಾನೆಯಲ್ಲಿ ಸರೇಸು ಅಥವಾ ಅಂಥದೇ ಅಂಟನ್ನು ಕುಡಿಸಿರುತ್ತಾರೆ. ಬಣ್ಣ ಕಾಗದದೊಳಗೆ ಇಂಗಿಹೋಗದೆ ಮೇಲೆ ನಿಂತು ಹೊಳೆಯುವುದು ಆ ಅಂಟಿನಿಂದ. ತೇವದಲ್ಲಿ ಬೂಷ್ಟು ಮೊದಲು ತಿನ್ನುವುದೂ ಆ ಅಂಟನ್ನೇ. ಕಣ್ಣಿಗೆ ಕಾಗದ ಹೊಸದರಂತೆಯೇ ಇರುತ್ತದೆ, ಆದರೆ ಆಕಾಶದ ವಾಶ್ ಹಾಕಿದ ಕೂಡಲೇ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಮೂಡಿ, ಬಣ್ಣ ಒತ್ತುಕಾಗದದಲ್ಲಿ ಇಂಗಿದಂತೆ ಇಂಗುತ್ತದೆ. ಎಲಿಮೆಂಟರಿ, ಇಂಟರ್ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡುವಾಗ ಪ್ರತಿ ವರ್ಷವೂ ಒಬ್ಬಿಬ್ಬರು ಇದನ್ನು ಬಣ್ಣದ ದೋಷವೆಂದು ತಿಳಿದು ಅತ್ತದ್ದನ್ನು ಕಂಡಿದ್ದೇನೆ. ಕಾಗದವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ, ಹೊಸ ಚಪ್ಪಲಿ ಬೂಟುಗಳ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್‌ನ ನಾಲ್ಕಾರು ಪೊಟ್ಟಣಗಳೊಂದಿಗೆ ಇಡಿ. ಹೊರಡುವ ಹಿಂದಿನ ರಾತ್ರಿ ಮೂಲೆಯಲ್ಲಿ ಒಂದು ಬ್ರಶ್ ನೀರು ಹಚ್ಚಿ ನೋಡಿ: ಮೇಲೆ ನಿಂತರೆ ಕಾಗದ ಚೆನ್ನಾಗಿದೆ, ತಕ್ಷಣ ಇಂಗಿದರೆ ಅದನ್ನು ಪೆನ್ಸಿಲ್ ಕೆಲಸಕ್ಕೆ ಎತ್ತಿಡಿ. ದಪ್ಪವೂ ಮುಖ್ಯ, ಚದರ ಮೀಟರಿಗೆ 300 ಗ್ರಾಂ ತೂಗುವ ಹತ್ತಿ ಕಾಗದ ಈ ಹವೆಯಲ್ಲಿ ತಾಳುವಷ್ಟು ತೆಳು ಕಾಗದ ತಾಳದು, ಅದು ಮನೆಯಲ್ಲೇ ಹಪ್ಪಳದಂತೆ ಸೊಟ್ಟಗಾಗಿರುತ್ತದೆ.

ಬಣ್ಣಕ್ಕೂ ಇದೇ ಕಾಟ. ಜಲವರ್ಣವನ್ನು ಕಟ್ಟಿರುವುದು ಅಕೇಶಿಯಾ ಮರದ ಗೋಂದಿನಿಂದ. ಬಣ್ಣ ಒಣಗಿ ಬಿರಿಯಬಾರದೆಂದು ಗ್ಲಿಸರಿನ್ ಅಥವಾ ಜೇನುತುಪ್ಪ ಸೇರಿಸುತ್ತಾರೆ. ಜೇನು ಹೆಚ್ಚಿರುವ ವಿದೇಶಿ ಬಣ್ಣಗಳು ನಮ್ಮ ಜುಲೈಯಲ್ಲಿ ಒಣಗುವುದೇ ಇಲ್ಲ. ಪ್ಯಾಲೆಟ್ ಓರೆಯಾದರೆ ಹಳದಿ ಹೋಗಿ ನೀಲಿಯ ಮನೆ ಸೇರುತ್ತದೆ. ಮನೆಗೆ ಬಂದ ಕೂಡಲೇ ಡಬ್ಬಿಯನ್ನು ತೆರೆದು ರಾತ್ರಿಯಿಡೀ ಫ್ಯಾನಿನ ಕೆಳಗಿಡಿ. ಹಸಿಯಾಗಿಯೇ ಮುಚ್ಚಿಟ್ಟ ಡಬ್ಬಿಯನ್ನು ಎರಡು ವಾರದ ಮೇಲೆ ತೆರೆದಾಗ ಕಾಣುವ ಬಿಳಿಯ ರೋಮವನ್ನು ನೋಡಿದವರು ಮತ್ತೆ ಆ ತಪ್ಪು ಮಾಡುವುದಿಲ್ಲ.

ನಿಮ್ಮ ಗುಂಪಿನ ಏಕೈಕ ತೈಲವರ್ಣದವರು ಈ ನಾಲ್ಕು ತಿಂಗಳು ರಾಜರಂತಿರಬೇಕು. ಎಣ್ಣೆಯ ಬಣ್ಣ ನೀರು ಹಾರಿ ಆರುವುದಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುವುದು. ಆದ್ದರಿಂದ ಹನಿ ಬಿದ್ದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿಹೋಗುತ್ತದೆ. ಪ್ಯಾಲೆಟ್ಟಿನ ಮೇಲೆ ನೀರು ಬೀಳದಂತೆ ಮಾತ್ರ ನೋಡಿಕೊಳ್ಳಬೇಕು, ಏಕೆಂದರೆ ಬ್ರಶ್ಶಿನಿಂದ ಕಲೆಸಿದರೆ ನೀರು ಬಣ್ಣದೊಳಗೆ ಸಿಕ್ಕಿಕೊಂಡು ಬೆಣ್ಣೆ ಮಜ್ಜಿಗೆಯಾಗುತ್ತದೆ. ಅವರಿಗೆ ಒಂದು ಎಚ್ಚರಿಕೆ: ಟರ್ಪೆಂಟೈನ್ ಬಾಟಲಿಯನ್ನು ಲೋಕಲ್‌ನಲ್ಲಿ ಒಯ್ಯಬಾರದು. ಹೊತ್ತಿಕೊಳ್ಳುವ ವಸ್ತುಗಳನ್ನು ರೈಲಿನಲ್ಲಿ ಸಾಗಿಸುವುದು ಕಾನೂನಿನಂತೆ ಅಪರಾಧ. ಬ್ರಶ್ಶನ್ನು ಬಟ್ಟೆಯಲ್ಲಿ ಒರೆಸಿಕೊಂಡು, ಮನೆಗೆ ಬಂದು ಸಾಬೂನಿನಿಂದ ತೊಳೆಯಲಿ.

ವಿಷಯಕ್ಕೆ ತುಸು ಹೊರಗಿನ ಮಾತು, ಮೇಷ್ಟ್ರ ಚಟವೆಂದು ಕ್ಷಮಿಸಿ. ಹೊರಗೆ ಹೋಗಿ ತೈಲವರ್ಣದಲ್ಲಿ ಬರೆಯುವುದು ಸಾಮಾನ್ಯರಿಗೆ ಸುಲಭವಾದದ್ದು 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ತವರದ ಹಿಂಡುವ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ. ಅದಕ್ಕೆ ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಒಯ್ಯುತ್ತಿದ್ದರು. ಒಮ್ಮೆ ಚುಚ್ಚಿದರೆ ಮತ್ತೆ ಸರಿಯಾಗಿ ಮುಚ್ಚಲಾಗುತ್ತಿರಲಿಲ್ಲ. ಒದ್ದೆ ಚೀಲ ಹೊತ್ತು ಗೊಣಗುವ ಶಿಷ್ಯರಿಗೆ ಈ ಕಥೆ ಹೇಳುತ್ತಿದ್ದೆ.

ಉತ್ತರ 3 – ವಾಸ್ಕೋದಿಂದ

ಮೇಷ್ಟ್ರ ಮಾತಿಗೆ ನನ್ನದೊಂದು ತಕರಾರಿದೆ. ತೈಲವರ್ಣದ ಹಲಗೆಯ ಮೇಲೆ ಹನಿ ಜಾರುವುದು ನಿಜ, ಆದರೆ ಹಸಿ ಎಣ್ಣೆಯ ಹಲಗೆಯನ್ನು ತುಂಬಿದ ಲೋಕಲ್‌ನಲ್ಲಿ ಒಯ್ಯುವವರ ಪಾಡು ಅವರಿಗೂ, ಅಕ್ಕಪಕ್ಕದವರ ಅಂಗಿಗಳಿಗೂ ಗೊತ್ತು. ಗೋವಾದ ಮಳೆಯಲ್ಲಿ ನಾನು ಒಂಬತ್ತು ವರ್ಷಗಳಿಂದ ಬರೆಯುತ್ತಿರುವುದು ಬಾಲ್‌ಪೆನ್ನಿನಲ್ಲಿ. ಅದರ ಶಾಯಿ ಎಣ್ಣೆಯಂಥ ಅಂಟು ದ್ರವದ್ದಾದ್ದರಿಂದ ಹನಿ ಬಿದ್ದರೂ ಗೆರೆ ಕದಡುವುದಿಲ್ಲ. ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿಯಾದರೆ ಒಂದೇ ಹನಿಗೆ ನೀಲಿ ಕಣ್ಣೀರಾಗುತ್ತದೆ. ಸ್ಥಳದಲ್ಲಿ ಗೆರೆ ಮುಗಿಸಿ, ಒಂದು ಅಥವಾ ಎರಡೇ ಬಣ್ಣಗಳ ತೆಳು ವಾಶ್ ಕೊಟ್ಟು ನಿಲ್ಲಿಸುತ್ತೇನೆ. ಮುಂಬಯಿಯನ್ನೇ ಮನೆ ಮಾಡಿಕೊಂಡಿದ್ದ ನಮ್ಮ ಉಡುಪಿ ಸೀಮೆಯ ಕೆ. ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ನೋಡಿದವರು ಗೆರೆಯನ್ನು ಬಣ್ಣಕ್ಕಿಂತ ಕೆಳಗಿನ ಮೆಟ್ಟಿಲೆಂದು ಹೇಳಲಾರರು.

ಅಳತೆಯನ್ನು ಅರ್ಧಕ್ಕೆ ಇಳಿಸಿ. ದೊಡ್ಡ ಹಾಳೆಯನ್ನು ಮಳೆಯಿಂದ ಕಾಯಬೇಕು. ಅಂಗೈಯಗಲದ ಪುಸ್ತಕವನ್ನಾದರೆ ಎದೆಗೆ ಒತ್ತಿ ಹಿಡಿದರೆ ಸಾಕು. ಹಳೆ ಗೋವಾದಿಂದ ದಿವಾಡಿ ದ್ವೀಪಕ್ಕೆ ಹೋಗುವ ಫೆರಿಯಲ್ಲಿ ಕಾಲ್ನಡಿಗೆಯವರಿಗೆ ಟಿಕೆಟ್ ಇಲ್ಲ, ಪಕ್ಕದಲ್ಲಿ ಮಾಡಿನ ಕೆಳಗೆ ನಿಲ್ಲಲು ಎಡೆಯುಂಟು. ನಾನು ಕೆಲವು ಭಾನುವಾರ ಆಚೆ ದಡಕ್ಕೂ ಈಚೆ ದಡಕ್ಕೂ ಐದಾರು ಸಲ ಓಡಾಡುತ್ತ ಮಾಂಡವಿಯ ಮೇಲೆ ಮಳೆ ಬರುವುದನ್ನು ಬರೆಯುತ್ತೇನೆ. ಒಂದು ದಾಟುವಿಕೆ ಕೆಲವೇ ನಿಮಿಷಗಳದ್ದು, ಅಷ್ಟರಲ್ಲಿ ಒಂದು ಚಿತ್ರ ಮುಗಿಯಬೇಕು. ಗುಂಪಿಗೆ ಇಂಥ ಅಭ್ಯಾಸ ಬಹಳ ಒಳ್ಳೆಯದು, ಏಕೆಂದರೆ ನಿಧಾನದವರನ್ನು ಕಾಯುತ್ತ ಬೇಗದವರು ನೆನೆಯುವ ಪ್ರಮೇಯವೇ ಬರುವುದಿಲ್ಲ.

ಕೊಡೆ ಹಿಡಿಯಲೇಬೇಕಾದರೆ ಕಪ್ಪು ಕೊಡೆ ಹಿಡಿಯಿರಿ. ಕೆಂಪು ಕೊಡೆಯ ಕೆಳಗೆ ಕಾಗದವೂ ಕೆಂಪಾಗಿ ಕಾಣುವುದರಿಂದ, ಕಣ್ಣು ಅದಕ್ಕೆ ಹೊಂದಿಕೊಂಡು ನೀವು ಬೆರೆಸುವ ಬಣ್ಣಗಳೆಲ್ಲ ದಾರಿ ತಪ್ಪುತ್ತವೆ. ಮನೆಗೆ ಬಂದು ನೋಡಿದಾಗ ಇದನ್ನು ಬರೆದವರಾರು ಎನಿಸುತ್ತದೆ.

ಫೋಟೊ ನೋಡಿ ಬರೆಯುವ ಪಕ್ಷದವರಿಗೆ ಇಷ್ಟು ಹೇಳಿ: ಮೋಡ ಕವಿದ ಬೆಳಕನ್ನು ಫೋನು ತಾನಾಗಿ ಬೆಳಗಿಸಿ ತೋರಿಸುತ್ತದೆ, ಆದ್ದರಿಂದ ಮಳೆಯ ದಿನದ ಫೋಟೊದಲ್ಲಿ ಮಳೆಯ ಮಬ್ಬೇ ಇರುವುದಿಲ್ಲ. ಫೋಟೊ ತೆಗೆಯಿರಿ, ಕಟ್ಟಡದ ಕಿಟಕಿ ಎಣಿಸಲು ಬೇಕಾಗುತ್ತದೆ. ಬಣ್ಣವನ್ನು ಮಾತ್ರ ಅಂಚಿನಲ್ಲಿ ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. ನೆನೆದ ಮುರಕಲ್ಲಿನ ಗೋಡೆಗೆ ನಾನು ‘ಕುಚ್ಚಲಕ್ಕಿ ತೊಳೆದ ನೀರು, ಕೆಳಗೆ ಹುಣಸೆಹಣ್ಣು’ ಎಂದು ಬರೆದದ್ದಿದೆ. ಆರು ತಿಂಗಳಾದ ಮೇಲೆ ಓದಿದರೂ ಆ ಬಣ್ಣ ಕಣ್ಣಿಗೆ ಬರುತ್ತದೆ.

ಉತ್ತರ 4 – ಡೊಂಬಿವಲಿಯ ಶುಶ್ರೂಷಕಿ

ನಾನು ಚಿತ್ರ ಬರೆಯುವವಳಲ್ಲ. ನನ್ನ ಯಜಮಾನರು ಇಂಥದೇ ಒಂದು ಗುಂಪಿನಲ್ಲಿದ್ದಾರೆ. ಎಲ್ಲರೂ ಕಾಗದ ನೆನೆಯದಂತೆ ನೋಡಿಕೊಳ್ಳುವ ಬಗೆ ಹೇಳಿದ್ದಾರೆ, ಕಾಲಿನ ಬಗ್ಗೆ ಯಾರೂ ಹೇಳಿಲ್ಲ. ಇಲಿ, ನಾಯಿ, ದನಗಳ ಮೂತ್ರ ಬೆರೆತ ನಿಂತ ನೀರಿನಲ್ಲಿ ನಡೆದಾಗ ಪಾದದ ಸಣ್ಣ ಗಾಯದ ಮೂಲಕವೂ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ತಗಲುತ್ತದೆ. ಮುಂಬಯಿಯಲ್ಲಿ ಪ್ರತಿ ಮಳೆಗಾಲದಲ್ಲೂ ಇದರ ರೋಗಿಗಳು ಬರುತ್ತಾರೆ. ಮೊಣಕಾಲಿನವರೆಗಿನ ನೀರಿನಲ್ಲಿ ನಡೆಯಬೇಕಾಗಿ ಬಂದರೆ ಮನೆಗೆ ಬಂದು ಸಾಬೂನಿನಿಂದ ಕಾಲು ತೊಳೆದು, ಜ್ವರ ಬರಲಿ ಎಂದು ಕಾಯದೆ, ಮೂರು ದಿನಗಳೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಮಾತ್ರೆಯ ಬಗ್ಗೆ ಕೇಳಿ. ಸಕ್ಕರೆ ಕಾಯಿಲೆಯವರು ಗುಂಪಿನಲ್ಲಿದ್ದರೆ ಅವರನ್ನು ಅಂಥ ನೀರಿಗೆ ಇಳಿಸಲೇಬೇಡಿ. ಗುಡುಗು ಕೇಳಿಸಿತೆಂದರೆ ಮರದ ಕೆಳಗೂ ಬಯಲಿನಲ್ಲೂ ಯಾರೂ ಇರಬಾರದು.

ಇನ್ನೊಂದನ್ನು ಗಂಡಸರು ಮರೆಯುತ್ತಾರೆಂದು ಬರೆಯುತ್ತಿದ್ದೇನೆ. ಜಾಗ ಆರಿಸುವಾಗ ಸೂರಿನ ಜೊತೆಗೆ ಹತ್ತಿರದಲ್ಲಿ ಹೆಂಗಸರು ಬಳಸಬಹುದಾದ ಶೌಚಾಲಯ ಇದೆಯೇ ಎಂದೂ ನೋಡಿ. ಥಂಡಿಯಲ್ಲಿ ಎರಡು ಗಂಟೆ ಕುಳಿತವರಿಗೆ ಅದು ಬೇಕಾಗುತ್ತದೆ. ಇಲ್ಲವೆಂದು ಬೆಳಗಿನಿಂದ ನೀರು ಕುಡಿಯದೆ ಬರುವವರನ್ನು ನಾನು ಬಲ್ಲೆ. ಆ ಹಿರಿಯ ಶಿಕ್ಷಕಿಯವರಿಗೆ ಒಂದು ಜೊತೆ ಒಣ ಕಾಲುಚೀಲ ಚೀಲದಲ್ಲಿಟ್ಟುಕೊಳ್ಳಲು ಹೇಳಿ.

ಮತ್ತೆ – ಮುಲುಂಡಿನ ಹವ್ಯಾಸಿ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಗುಂಪಿನಲ್ಲಿ ಓದಿ ಹೇಳಿದ ಮೇಲೆ, ಕಳೆದ ಭಾನುವಾರ ಹಾರ್ನಿಮನ್ ಸರ್ಕಲ್‌ಗೆ ಹೋಗಿಬಂದೆವು. ಹನ್ನೊಂದರಲ್ಲಿ ಏಳು ಮಂದಿ ಬಂದರು. ಶನಿವಾರ ಮಧ್ಯಾಹ್ನ ನಾನೊಬ್ಬನೇ ಹೋಗಿ ಪಡಸಾಲೆಯಲ್ಲಿ ಎಲ್ಲಿ ಸೋರುತ್ತದೆ, ಎಲ್ಲಿ ಎರಚಲು ಹೊಡೆಯುತ್ತದೆ ಎಂದು ನೋಡಿ ಬಂದಿದ್ದೆ; ಸುಣ್ಣದ ಕಡ್ಡಿಯಿಂದ ಗುರುತು ಹಾಕಲು ಹೋದಾಗ ಕಾವಲಿನವರು ವಿಚಾರಿಸಿದರು, ವಿಷಯ ತಿಳಿದ ಮೇಲೆ ತಾವೇ ಒಣ ಕಂಬಗಳನ್ನು ತೋರಿಸಿಕೊಟ್ಟರು. ಅಂದು ಹಳದಿ ಎಚ್ಚರಿಕೆ ಇತ್ತು. ಎಂಟರಿಂದ ಹತ್ತರವರೆಗೆ ಮೂರು ಸಲ ಮಳೆ ಬಂದು ಹೋಯಿತು.

ನಲವತ್ತು ನಿಮಿಷಗಳ ಎರಡು ಪಾಳಿ ಮಾಡಿದೆವು. ಮೊದಲ ಪಾಳಿಯಲ್ಲಿ ಪೆನ್ನು ಮಾತ್ರ, ಎರಡನೆಯದರಲ್ಲಿ ಬಣ್ಣ. ಚಹಾ, ಹಾಲು, ಮೊಸರಿನ ಸೂತ್ರ ಎಲ್ಲರಿಗೂ ಹಿಡಿಸಿತು, ಆದರೆ ಪಾಲಿಸಿದವರು ಮೂವರೇ. ಉಳಿದವರ ಬಣ್ಣ ಹಾಲಿನಿಂದ ಮತ್ತೆ ಚಹಾಕ್ಕೆ ಇಳಿದು ಹೂಕೋಸು ಬೆಳೆಯಿತು. ಮೇಷ್ಟ್ರು ಹೇಳಿದ ಮೂಲೆಯ ಪರೀಕ್ಷೆಯಲ್ಲಿ ನನ್ನದೇ ಹಳೆಯ ಕಾಗದದ ಕಟ್ಟಿನಲ್ಲಿ ಅರ್ಧ ಸತ್ತಿರುವುದು ತಿಳಿಯಿತು. ಕಳೆದ ವರ್ಷ ನಾನು ಅಂಗಡಿಯವನನ್ನು ಬೈದದ್ದು ಅನ್ಯಾಯವಾಯಿತು.

ಅತ್ಯಂತ ಚೆನ್ನಾಗಿ ಬಂದದ್ದು ಹತ್ತನೆಯ ತರಗತಿಯ ಹುಡುಗಿಯ ಚಿತ್ರ. ಜಡಿಮಳೆ ಹಿಡಿದಾಗ ಟೌನ್ ಹಾಲ್ ಪೂರ್ತಿ ಮರೆಯಾಯಿತು; ನಾವೆಲ್ಲ ಅದು ಮತ್ತೆ ಕಾಣಲೆಂದು ಬ್ರಶ್ ಕೆಳಗಿಟ್ಟು ಕಾದೆವು, ಅವಳು ಕಾಯದೆ ಹಾಳೆಯ ಮೇಲಿನ ಅರ್ಧವನ್ನು ಬರಿದಾಗಿಯೇ ಬಿಟ್ಟು, ಕೆಳಗೆ ರಸ್ತೆಯನ್ನೂ ಅದರಲ್ಲಿ ನೆಟ್ಟಗೆ ಇಳಿದ ಒಂದು ಟ್ಯಾಕ್ಸಿಯ ಹಳದಿಯನ್ನೂ ಮಾತ್ರ ಬರೆದಳು. ಆ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೋಟೆಲಿನವರ ತಿಂಡಿ ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೆವು, ಮುಲುಂಡ್ ಮುಟ್ಟುವವರೆಗೂ ಒಂದು ಹನಿ ತಗಲಲಿಲ್ಲ.

ಕೆಮ್ಮಿದ ಶಿಕ್ಷಕಿಯವರು ಬರಲಿಲ್ಲ, ಆದರೆ ಮುಂದಿನ ಸಲ ಮಾಟುಂಗಾದ ಸೇತುವೆಯ ಕೆಳಗೆ ಎಂದಾದರೆ ಬರುತ್ತೇನೆಂದು ಹೇಳಿದ್ದಾರೆ. ಒಣ ಕಾಲುಚೀಲದ ಮಾತನ್ನು ಅವರ ಮಗನಿಗೂ ತಿಳಿಸಿದ್ದೇನೆ. ಇನ್ನುಳಿದದ್ದು ಒಂದೇ ಪ್ರಶ್ನೆ, ಮಾಟುಂಗಾದವರಿಗೆ: ಆ ಉದ್ಯಾನದಲ್ಲಿ ಏಳೆಂಟು ಮಂದಿ ಮಡಿಸುವ ಸ್ಟೂಲ್ ಹಾಕಿ ಕುಳಿತರೆ ಬೆಳಗಿನ ನಡಿಗೆಯವರ ದಾರಿಗೆ ಅಡ್ಡ ಕುಳಿತಂತಾಗುತ್ತದೆಯೇ, ಅಥವಾ ಒಂಬತ್ತರ ಮೇಲೆ ಹೋಗುವುದು ವಾಸಿಯೇ?

ಮತ್ತೆ – ಮಾಟುಂಗಾದವರು

ಒಂಬತ್ತೂವರೆಗೆ ಬನ್ನಿ. ಆ ಹೊತ್ತಿಗೆ ನಡಿಗೆಯವರು ಇಡ್ಲಿ ತಿನ್ನಲು ಹೋಗಿರುತ್ತಾರೆ. ನಾನೂ ಒಂದು ಸ್ಟೂಲ್ ತರುತ್ತೇನೆ.